ಸಹಾಯ ಬೇಕು: ಹಳೇ ಹಾಯಿದೋಣಿ ಗಾಳಿ ಕಡೆಗೇ ತಿರುಗುತ್ತದೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಓಡಿಸೋಣ ಅಂತ 1984ರ 22 ಅಡಿ ಹಾಯಿದೋಣಿ ಕೊಂಡೆ. ಬೇಸಿಗೆ ಮಧ್ಯಾಹ್ನ ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ದಾಟಿದರೆ ಸಾಕು, ದೋಣಿಯ ಮೂತಿ ತಾನಾಗೇ ಗಾಳಿ ಕಡೆ ತಿರುಗುತ್ತದೆ. ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿ) ಎಳೆದು ಹಿಡಿದು ತೋಳು ಬಿದ್ದುಹೋಗುತ್ತದೆ.

ಹಗ್ಗ, ಪುಲ್ಲಿ ಹೊಸದು ಹಾಕಿಸಿದೆ. ತಳ ಉಜ್ಜಿ ಬಣ್ಣ ಬಳಿದೆ, ಉಗುರಲ್ಲಿ ಇನ್ನೂ ನೀಲಿ ಇದೆ! ಏನೂ ಬದಲಾಗಲಿಲ್ಲ. ದೊಡ್ಡ ಹಾಯಿಯನ್ನು ಒಂದು ರೀಫ್ ಇಳಿಸಿದರೆ, ಅಂದರೆ ಸ್ವಲ್ಪ ಮಡಚಿ ಚಿಕ್ಕದು ಮಾಡಿದರೆ, ಟಿಲ್ಲರ್ ಹಗುರಾಗುತ್ತದೆ, ಆದರೆ ಗಾಳಿ ಸ್ವಲ್ಪ ಕಡಿಮೆಯಾದರೂ ದೋಣಿ ತೆವಳುತ್ತದೆ.

ಹಾಯಿ ಹಿಗ್ಗಿ ಹಿಂಭಾಗ ಚೀಲದ ಹಾಗೆ ಉಬ್ಬುತ್ತದೆ. ಕಂಬವೂ ಹಿಂದಕ್ಕೆ ವಾಲಿದೆ. ಎರಡರಿಂದಲೂ ಹೀಗಾಗುತ್ತದೆ ಅಲ್ವಾ? ಹೊಸ ಹಾಯಿಗೆ ದುಡ್ಡು ಜಾಸ್ತಿ. ಕಂಬ ನೆಟ್ಟಗೆ ಮಾಡೋದು ಪುಕ್ಕಟೆ, ಆದರೆ ಕಂಬ ಹಿಡಿದಿರುವ ಹಳೇ ತಂತಿಗಳನ್ನು ಸುಮ್ನೆ ಬಿಗಿ ಮಾಡೋಕೆ ಭಯ.

ಮೊದಲು ಕಂಬ ಮುಂದಕ್ಕೆ ತರಲಾ, ಹಾಯಿ ಬದಲಿಸಲಾ? ಕಂಬವಾದರೆ, ವಾಲಿಕೆ ಎಷ್ಟಿದೆ ಅಂತ ಅಳೆಯೋದು ಹೇಗೆ?