ಕಾಸರಗೋಡಿನ ಪಿನ್‌ಕೋಡ್ ಪ್ರೈಮ್ ನಂಬರಾ?

ಚಂದ್ರಗಿರಿ_ತೀರ: ಮಗಳಿಗೆ ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಶುರುವಾಗಿದೆ, ನಮ್ಮ ಪಿನ್‌ಕೋಡ್ 671121 ಪ್ರೈಮಾ ಅಂತ ಕೇಳ್ತಾಳೆ. ಸಮಸಂಖ್ಯೆ ಅಲ್ಲ, 5ರಿಂದಲೂ ಹೋಗುದಿಲ್ಲ. ಇನ್ನೆಂತ ನೋಡ್ಬೇಕು?

ಬೇಕಲದವ: ಪ್ರೈಮ್ ಅಲ್ಲ ಮಾರಾಯ್ರೇ. ಅಂಕೆ ಎಲ್ಲ ಕೂಡಿಸಿ, 18 ಬರ್ತದೆ, ಹಾಗಾಗಿ 9ರಿಂದ ಹೋಗ್ತದೆ, ಭಾಗಿಸಿದ್ರೆ 74569, ಈಗ ಇದರ ಅಂಕೆಗಳನ್ನ ಒಂದು ಕಳೆದು ಒಂದು ಕೂಡಿಸ್ತಾ ಹೋಗಿ, 7-4+5-6+9 ಅಂದ್ರೆ 11, ಸೋ 11ರಿಂದಲೂ ಹೋಯ್ತು. ಕೊನೆಗೆ ಸಿಗುವ 6779 ಮಾತ್ರ ಗಟ್ಟಿ ಪ್ರೈಮ್, 79ರವರೆಗಿನ ಪ್ರೈಮ್‌ಗಳಿಂದ ಭಾಗಿಸಿ ನೋಡಿದ್ರೆ ಸಾಕು, ಯಾಕಂದ್ರೆ ಅದರ ನಂತರದ 83ರ ವರ್ಗವೇ 6889 ಆಗ್ತದೆ.

ಕುಂಬಳೆ_ಲೋಕಲ್: ನಮ್ದು 671321. 9ಕ್ಕೂ ಇಲ್ಲ 11ಕ್ಕೂ ಇಲ್ಲ, ಪ್ರೈಮೇ ಇರ್ಬೇಕು ಹೆಹೆ

ಬೇಕಲದವ: ಆಸೆ ಬೇಡ. 7 × 29 × 3307.

ಲೆಕ್ಕದ_ಟೀಚರ್: ಇನ್ನೊಂದು ಮಜಾ ಉಂಟು, 671121ನ್ನ ಎರಡು ವರ್ಗಸಂಖ್ಯೆಗಳ ಮೊತ್ತವಾಗಿ ಬರೀಲಿಕ್ಕೆ ಆಗುದೇ ಇಲ್ಲ. ಸಂಖ್ಯೆಯನ್ನ ಪ್ರೈಮ್‌ಗಳ ಗುಣಾಕಾರವಾಗಿ ಬಿಡಿಸಿದಾಗ, 4ರಿಂದ ಭಾಗಿಸಿದ್ರೆ 3 ಉಳಿಯುವ ಪ್ರೈಮ್ ಬೆಸ ಸಲ ಬಂದ್ರೆ ಕಥೆ ಮುಗೀತು, ಇಲ್ಲಿ 11 ಒಂದೇ ಸಲ ಬಂದಿದೆ. ಇದರ ಬುಡ ಗಣಿತಜ್ಞ ಫರ್ಮಾನದ್ದು, ಸಾಧಿಸಿ ತೋರಿಸಿದ್ದು ಇನ್ನೊಬ್ಬ ಗಣಿತಜ್ಞ ಆಯ್ಲರ್. ಮಗಳಿಗೆ ಈಗಲೇ ಹೇಳ್ಬೇಡಿ, ಮೊದಲು 11ರ ಆಟ ಆಡ್ಲಿ.