ಪದಚರ್ಚೆ: ಬಾವಿ ನೀರಿನ ‘ರೇಡಿಯೋಆಕ್ಟಿವಿಟಿ’ಗೆ ಫ್ಲೆಕ್ಸ್ ಮೇಲೆ ಏನು ಬರೆಯಲಿ? (ತುರ್ತು)

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಹೊಸನಗರ ಕಡೆಯ ಒಂದು ಊರಲ್ಲಿ ಬಾವಿ ಮತ್ತು ಬೋರ್‌ವೆಲ್ ನೀರು, ತೋಟದ ಮಣ್ಣು ಸ್ಯಾಂಪಲ್ ತೆಗೆಯುವುದಿದೆ. ಊರವರಿಗೆ ತಿಳಿಯುವಂತೆ ಒಂದು ಫ್ಲೆಕ್ಸ್, ಒಂದು ಪುಟದ ಕರಪತ್ರ ಮಾಡಿಕೊಡುವುದು ನನ್ನ ಪಾಲಿಗೆ ಬಂದಿದೆ. ಇಂಗ್ಲಿಷಿನಲ್ಲಿರುವುದು ‘ನ್ಯಾಚುರಲ್ ರೇಡಿಯೋಆಕ್ಟಿವಿಟಿ’, ಅಂದರೆ ಕಲ್ಲು, ಮಣ್ಣು, ನೀರಿನಲ್ಲಿ ತಾನಾಗೇ ಇರುವ, ವಿಕಿರಣ ಹೊಮ್ಮಿಸುವ ಗುಣ. ನಾಳೆ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಮೊದಲು ‘ನೈಸರ್ಗಿಕ ವಿಕಿರಣಪಟುತ್ವ’ ಅಂತ ಬರೆದೆ. ಪಠ್ಯಪುಸ್ತಕದ ಪದ. ಅಮ್ಮನಿಗೆ ತೋರಿಸಿದರೆ ‘ಇದ್ಯಾರು, ಕುಸ್ತಿಪಟುವಾ?’ ಅಂದರು. ‘ವಿಕಿರಣಶೀಲತೆ’ ಅಂತ ಬದಲಿಸಿದೆ. ‘ಈಗ ನೀರಿಗೂ ಶೀಲ ನೋಡ್ತೀರಾ?’ ಅಂದರು. ‘ನೈಸರ್ಗಿಕ’ ಇನ್ನೊಂದು ತಲೆನೋವು. ಸೋಪು, ಶಾಂಪೂ, ಜೇನುತುಪ್ಪದ ಬಾಟಲಿ, ಎಲ್ಲದರ ಮೇಲೂ ಅದೇ ಪದ. ಜನ ಅದನ್ನು ‘ಒಳ್ಳೇದು’ ಅಂತಲೇ ಓದುತ್ತಾರೆ. ಲೀಟರ್ ನೀರಿಗೆ, ಕಿಲೋ ಮಣ್ಣಿಗೆ ಅದು ಎಷ್ಟಿದೆ ಅನ್ನುವ ‘ಆಕ್ಟಿವಿಟಿ ಕಾನ್ಸಂಟ್ರೇಷನ್’ ಅನ್ನು ಯಾರೋ ‘ಚಟುವಟಿಕೆ ಸಾಂದ್ರತೆ’ ಮಾಡಿಟ್ಟಿದ್ದಾರೆ, ಶಾಲೆಯ ವಾರ್ಷಿಕೋತ್ಸವದ ವರದಿ ಇದ್ದ ಹಾಗಿದೆ. ಏನು ಬರೆಯಲಿ?

ಸಾಗರದಿಂದ:

‘ವಿಕಿರಣ’ವನ್ನು ವಿಶೇಷವಾದ ಕಿರಣ ಅಂತ ತಿಳಿದವರೇ ಜಾಸ್ತಿ. ತಪ್ಪು. ಮೂಲ ‘ಕೄ’ ಧಾತು. ಚೆಲ್ಲು, ಎರಚು ಎಂದರ್ಥ. ವಿಕೀರ್ಣ, ಪ್ರಕೀರ್ಣ, ಸಂಕೀರ್ಣ ಎಲ್ಲ ಅದರ ಮಕ್ಕಳೇ. ಕಿರಣವೂ ಅಲ್ಲಿಂದಲೇ ಬಂದದ್ದು. ಹಳೆಯ ಸಂಸ್ಕೃತದಲ್ಲಿ ಕಿರಣಕ್ಕೆ ಧೂಳು ಎಂಬ ಅರ್ಥವೂ ಇದೆ. ‘ಪಟು’ ಅಂದರೆ ಸಮರ್ಥ. ವಿಕಿರಣಪಟುತ್ವದಲ್ಲಿ ಏನೂ ದೋಷವಿಲ್ಲ. ಮನೆಯವರು ನಕ್ಕರೆ ಅದು ಪದದ ತಪ್ಪಲ್ಲ.

ಬೆಂಗಳೂರಿನಿಂದ:

ತಾಯಿಗೆ ತಿಳಿಯದ್ದು ತಾಯ್ನುಡಿ ಹೇಗಾಗುತ್ತದೆ? ಕಿರಣಕ್ಕೆ ನಮ್ಮದೇ ‘ಕದಿರು’ ಇದೆ. ತಮಿಳರು ಅದೇ ಪದ ಹಿಡಿದು ‘ಕದಿರಿಯಕ್ಕಂ’ ಎಂದು ಕಟ್ಟಿಕೊಂಡು ಶಾಲೆಯಲ್ಲೂ ಕಲಿಸುತ್ತಿದ್ದಾರೆ. ನಾವು ಇನ್ನೂ ಸಂಸ್ಕ್ರುತದ ಮುಂದೆ ಕೈಕಟ್ಟಿ ನಿಂತಿದ್ದೇವೆ. ‘ಕದಿರುಸೂಸಿಕೆ’ ಎನ್ನಿ. ಅರ್ತವೂ ಆಗುತ್ತದೆ, ಮಹಾಪ್ರಾಣದ ಕಾಟವೂ ಇಲ್ಲ. ಮುಗಿಯಿತು.

ತೀರ್ಥಹಳ್ಳಿಯಿಂದ:

ಮುಗಿಯಲಿಲ್ಲ. ನಮ್ಮ ಕಡೆ ಕದಿರು ಅಂದರೆ ಭತ್ತದ ತೆನೆ. ಹೊಸ್ತಿನ ದಿನ ಗದ್ದೆಯಿಂದ ತಂದು ಬಾಗಿಲಿಗೆ ಕಟ್ಟುತ್ತೇವೆ. ‘ಬಾವಿ ನೀರಿನ ಕದಿರುಸೂಸಿಕೆ’ ಅಂತ ಬರೆದರೆ ಬಾವಿಯೊಳಗೆ ಯಾರು ನಾಟಿ ಮಾಡಿದರು ಅಂತ ಕೇಳುತ್ತಾರೆ.

ಭದ್ರಾವತಿಯಿಂದ:

ಅಳೆಯುವುದು ಏನನ್ನು ಅಂತ ಮೊದಲು ನೋಡೋಣ. ಓದುವಾಗ ನಾನು ಇದೇ ಕೆಲಸ ಮಾಡಿದ್ದೆ. ತೋಟದ ಮಣ್ಣು ತಂದು ಬೇರು, ಜಂಬಿಟ್ಟಿಗೆಯ ಚೂರು ಆರಿಸಿ ತೆಗೆಯಬೇಕು. ಓವನ್‌ನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಡಬ್ಬಿಗೆ ತುಂಬಬೇಕು. ಗಾಳಿಯಾಡದಂತೆ ಟೇಪ್ ಸುತ್ತಿ, ಮೇಲೆ ತಾರೀಕು ಬರೆದು, ಅಪ್ಪೆಮಿಡಿ ಜಾಡಿಯ ಹಾಗೆ ಒಂದು ತಿಂಗಳು ಮುಟ್ಟಬಾರದು. ಯಾಕೆಂದರೆ ಮಣ್ಣಿನ ರೇಡಿಯಂನಿಂದ ರೇಡಾನ್ ಅನ್ನುವ ಗ್ಯಾಸು ಹುಟ್ಟುತ್ತದೆ. ಅದು ಸುಮಾರು 3.8 ದಿನಕ್ಕೆ ಅರ್ಧ ಆಗುತ್ತದೆ. ಒಳಗೆ ಹುಟ್ಟುವುದು, ಸಾಯುವುದು ಸಮ ಆದ ಮೇಲೆ ಎಣಿಸಿದರೆ ಮಾತ್ರ ಲೆಕ್ಕ ಸರಿ. ಆಮೇಲೆ ಡಬ್ಬಿಯನ್ನು ಸೀಸದ ಗೂಡಿನೊಳಗೆ ಡಿಟೆಕ್ಟರ್ ಮೇಲಿಟ್ಟು ಗಂಟೆಗಟ್ಟಲೆ ಎಣಿಸುವುದು. ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಎಣಿಸಿ ಕಳೆಯಬೇಕು.

ನೀರಿಗೆ ಬಾಟಲಿಯನ್ನು ಕಂಠಪೂರ್ತಿ ತುಂಬಿ, ಗುಳ್ಳೆ ಉಳಿಯದ ಹಾಗೆ ಮುಚ್ಚಬೇಕು. ಇಲ್ಲದಿದ್ದರೆ ರೇಡಾನ್ ಹಾರಿಹೋಗುತ್ತದೆ. ಕುದಿಸಿದರೂ ಅಷ್ಟೇ. ಆದರೆ ಯುರೇನಿಯಂ, ರೇಡಿಯಂ ಕುದಿಸಿದರೆ ಹೋಗುವುದಿಲ್ಲ. ಕರಪತ್ರದಲ್ಲಿ ಇದನ್ನು ಮರೆಯದೆ ಹಾಕಿ.

ಎಣಿಸುವುದು ಇಷ್ಟನ್ನೇ: ಒಂದು ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ. ಸೆಕೆಂಡಿಗೆ ಒಂದು ಒಡೆದರೆ ಒಂದು ಬೆಕ್ವೆರೆಲ್. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ, ಒಡೆಯುವಾಗ ಹೊರಬೀಳುವ ಆಲ್ಫಾ, ಬೀಟಾ ಅನ್ನುವ ಎರಡು ಬಗೆಗೆ ಲೀಟರಿಗೆ ಆಲ್ಫಾ 0.1, ಬೀಟಾ 1 ಬೆಕ್ವೆರೆಲ್ ಮಿತಿ. ಮಣ್ಣಿನಲ್ಲಿ ಪೊಟ್ಯಾಸಿಯಂ-40 ಒಂದೇ, ಲೋಕದ ಸರಾಸರಿಯಲ್ಲಿ, ಕಿಲೋಗೆ 400ರ ಆಸುಪಾಸು. ನಮ್ಮ ಇಡೀ ಮೈಯೊಳಗೇ ಒಟ್ಟು 4000 ಬೆಕ್ವೆರೆಲ್‌ನಷ್ಟಿದೆ. ಇಷ್ಟು ಹೇಳಿದರೆ ಜನ ಹೆದರುವುದಿಲ್ಲ.

ಇನ್ನೊಂದು. ಆಲ್ಫಾ, ಬೀಟಾ ಬೆಳಕಿನಂಥ ಕಿರಣಗಳೇ ಅಲ್ಲ, ಕಣಗಳು. ಹಾಗಾಗಿ ಕದಿರಿಗಿಂತ ಸಾಗರದ ಮೇಷ್ಟ್ರ ಧೂಳೇ ಹತ್ತಿರ! ನನ್ನನ್ನು ಕೇಳಿದರೆ ನಾಮಪದವೇ ಬೇಡ, ‘ಒಡೆಯುತ್ತವೆ’, ‘ಸಿಡಿಯುತ್ತವೆ’ ಅಂತ ಕ್ರಿಯಾಪದದಲ್ಲಿ ಹೇಳಿ. ಹೀಗೆ ಒಡೆಯುವುದಕ್ಕೆ ಪುಸ್ತಕದಲ್ಲಿರುವ ‘ಕ್ಷಯ’ ಮಾತ್ರ ಬೇಡವೇ ಬೇಡ. ಹಳ್ಳಿಯಲ್ಲಿ ಕ್ಷಯ ಅಂದರೆ ಟಿಬಿ.

ಸಾಗರದಿಂದ:

ಸಿಡಿಯುವುದು ಪಟಾಕಿ. ಅಣು ಸಿಡಿಯಿತು ಅಂದರೆ ಬಾಂಬು. ವಿಕಿರಣ ಬೇರೆ, ವಿಕಿರಣ ಹೊಮ್ಮಿಸುವ ಗುಣ ಬೇರೆ. ಒಲೆಯ ಕಾವೂ ವಿಕಿರಣವೇ, ಕೆಂಡಕ್ಕೆ ಪಟುತ್ವ ಇಲ್ಲ. ಈ ಭೇದ ಬೇಡ ಅನ್ನುವವರು ಅನುವಾದ ಬಿಟ್ಟು ಅಡಿಕೆ ಸುಲಿಯಲಿ.

ಬೆಂಗಳೂರಿನಿಂದ:

ಕದಿರು ಬೇಡ, ಸಂಸ್ಕ್ರುತದ ಧೂಳು ಬೇಕು. ಸರಿ. ಆದರೆ ಬೆಕ್ವೆರೆಲ್, ರೇಡಾನ್, ಡಿಟೆಕ್ಟರ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಕನ್ನಡಕ್ಕೆ ಪದ ಕಟ್ಟುವ ಕಸುವೇ ಇಲ್ಲ ಎಂದು ಮೊದಲೇ ತೀರ್ಮಾನವಾದ ಹಾಗಿದೆ.

ತೀರ್ಥಹಳ್ಳಿಯಿಂದ:

ಬೆಕ್ವೆರೆಲ್ ಮನುಷ್ಯನ ಹೆಸರು ಸ್ವಾಮಿ. 1896ರಲ್ಲಿ ಯುರೇನಿಯಂನಲ್ಲಿ ಇದನ್ನು ಕಂಡುಹಿಡಿದವರು. ಅವರ ಹೆಸರಿಗೂ ಅನುವಾದ ಬೇಕಾ? ನಮ್ಮ ಮನೆ ಮಕ್ಕಳು ಆಗಲೇ ಬೆಕ್ಕಿನಮರಿ ಮಾಡಿಕೊಂಡಿದ್ದಾರೆ, ಅದನ್ನೇ ಇಟ್ಟುಕೊಳ್ಳಿ. ಅರಬ್ಬಿಯಿಂದ ಬಂದ ಕುರ್ಚಿಯ ಮೇಲೆ ಕೂತು ಪದ ಕಟ್ಟುವಾಗ ಯಾರಿಗೂ ಚುಚ್ಚುವುದಿಲ್ಲ, ಅಲ್ವಾ?

ಬೆಂಗಳೂರಿನಿಂದ:

ಕುರ್ಚಿ ಜನರ ಬಾಯಲ್ಲಿ ತೇದು ಬಂದ ಪದ. ಪಟುತ್ವವನ್ನು ಯಾರೂ ತೇಯಲಿಲ್ಲ, ಸಮಿತಿ ಕೂತು ಹೇರಿದ್ದು. ಎರಡೂ ಒಂದೇ ಎನ್ನುವವರ ಜೊತೆ ಮಾತಿಲ್ಲ.

ಶಿವಮೊಗ್ಗದಿಂದ:

ಎಲ್ಲರಿಗೂ ಥ್ಯಾಂಕ್ಸ್. ಫ್ಲೆಕ್ಸ್ ಅಂಗಡಿ ಹುಡುಗ ಎರಡು ಸಲ ಫೋನ್ ಮಾಡಿದ, ಹಾಗಾಗಿ ಕೊಟ್ಟುಬಿಟ್ಟೆ. ದೊಡ್ಡ ಅಕ್ಷರದಲ್ಲಿ ಇಷ್ಟು: ‘ನಿಮ್ಮ ಬಾವಿ ನೀರಿನಲ್ಲಿ, ತೋಟದ ಮಣ್ಣಿನಲ್ಲಿ ಮೊದಲಿನಿಂದಲೂ ಇರುವ ವಿಕಿರಣ ಎಷ್ಟು? ಅಳೆದು ಹೇಳುತ್ತೇವೆ.’ ‘ನೈಸರ್ಗಿಕ’ದ ಜಾಗಕ್ಕೆ ‘ಮೊದಲಿನಿಂದಲೂ ಇರುವ’ ಬಂತು. ಗುಣಕ್ಕೂ ಅದು ಹೊಮ್ಮಿಸುವುದಕ್ಕೂ ಒಂದೇ ಪದ ಹಾಕಿದ್ದಕ್ಕೆ ಮೇಷ್ಟ್ರು ಬಯ್ಯುತ್ತಾರೆ, ಗೊತ್ತು. ಆದರೆ ವಿಕಿರಣ ಅಂದಕೂಡಲೇ ಅಮ್ಮ ‘ಮೊಬೈಲ್ ಟವರಿಂದ ಬರತ್ತಲ್ಲ, ಅದಾ?’ ಅಂದರು. ಇಲ್ಲ, ಟವರ್ ಬರುವ ಮುಂಚಿನದು, ಕಲ್ಲುಮಣ್ಣಿನದ್ದೇ ಅಂದೆ. ‘ಹಾಗಾದರೆ ಅಜ್ಜಿ ಕಾಲದಲ್ಲೂ ಇತ್ತು ಅನ್ನಿ’ ಅಂತ ಒಳಗೆ ಹೋದರು. ನನಗೆ ಅಷ್ಟು ಸಾಕಾಯಿತು.

ಕರಪತ್ರದಲ್ಲಿ ಬೆಕ್ವೆರೆಲ್, ರೇಡಾನ್ ಹಾಗೇ ಇವೆ. ‘ಸಿಡಿಯುತ್ತವೆ’ ತೆಗೆದು ‘ಒಡೆಯುತ್ತವೆ’ ಉಳಿಸಿದೆ. ಅರ್ಧ ಆಗಲು ಹಿಡಿಯುವ ಕಾಲಕ್ಕೆ, ಅಂದರೆ ‘ಹಾಫ್ ಲೈಫ್’ಗೆ, ಬೇರೆ ಹೊಳೆಯದೆ ‘ಅರ್ಧಾಯುಷ್ಯ’ ಅಂತಲೇ ಹಾಕಿದ್ದೇನೆ. ಅಮ್ಮ ಅದನ್ನು ಇನ್ನೂ ನೋಡಿಲ್ಲ.