ಹಾರ್ಮೋನಿಯಂಗೆ ಸೀಟಿತ್ತು

ಶನಿವಾರ ಬೆಳಿಗ್ಗೆ 6:40ಕ್ಕೆ 'ನಮ್ಮ ಬಳಗ' ಗುಂಪಿಗೆ ಪುಣೆ ಭಾವ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಮೂರು ಕೆಂಪು ಸೈರನ್. 'ಎಚ್ಚರ! 15 ವರ್ಷ ದಾಟಿದ ಕಾರಿಗೆ ಇನ್ನು ಪೆಟ್ರೋಲ್ ಇಲ್ಲ! ಪಂಪಿನಲ್ಲೇ ಹಿಡಿದು ಗುಜರಿಗೆ ಕಳಿಸುತ್ತಾರೆ! ನಿಮ್ಮವರಿಗೆಲ್ಲ ತಿಳಿಸಿ!' ಕೆಳಗೆ ಭಾವನ ಸ್ವಂತದ ಒಂದು ಸಾಲು: 'ಡೊಂಬಿವಲಿಯವರು ಗಮನಿಸಬೇಕು.'

ಗುಂಪಿನಲ್ಲಿ 31 ಜನ ಇದ್ದೇವೆ. ಮುಂಬೈ ಹತ್ತಿರದ ಈ ಡೊಂಬಿವಲಿಯಲ್ಲಿ ಇರುವುದು ನಮ್ಮದೊಂದೇ ಮನೆ.

ಗಾಡಿ ಅಪ್ಪ 2009ರಲ್ಲಿ ಕೊಂಡದ್ದು. ಬಿಳಿ ಬಣ್ಣ, ಚಿಕ್ಕದು. 1,92,000 ಕಿಲೋಮೀಟರ್ ಓಡಿದೆ. ಅದರಲ್ಲಿ ಕಾಲು ಭಾಗವಾದರೂ ಡೊಂಬಿವಲಿ–ಧಾರವಾಡ ದಾರಿಯದ್ದೇ. ಹೋದ ವಾರ ಕ್ಲಚ್ ಸ್ಲಿಪ್ ಆಗತೊಡಗಿತು. ಮೆಕ್ಯಾನಿಕ್ ಒಂದು ಚೀಟಿ ಬರೆದುಕೊಟ್ಟ: ಕ್ಲಚ್ ಸೆಟ್, ಟೈಮಿಂಗ್ ಬೆಲ್ಟ್, ಮುಂದಿನ ಎರಡೂ ಲೋವರ್ ಆರ್ಮ್, ಇಂಜಿನ್ ಮೌಂಟಿಂಗ್, ಎಸಿ ಕಂಡೆನ್ಸರ್. ಒಟ್ಟು 48,000. ಗಾಡಿ ಮಾರಿದರೆ 70,000 ಬಂದರೆ ಪುಣ್ಯ. ಇದನ್ನು ನಾನು ಗುಂಪಿನಲ್ಲಿ ಹೇಳಿರಲಿಲ್ಲ. ಅಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳಿದ್ದೆ. ಅಕ್ಕನಿಗೆ ಹೇಳಿದರೆ ಭಾವನಿಗೂ ಹೇಳಿದ ಹಾಗೆ ಅಂತ ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಬೇಕಿತ್ತು.

ಮೊದಲು ಎದ್ದವಳು ಪುಟ್ಟಿ. ಮುಲುಂಡ್ ಕಾಕಾನ ಮಗಳು. ವಯಸ್ಸು 34, ಆದರೂ ಎಲ್ಲರಿಗೂ ಪುಟ್ಟಿಯೇ.

ಪುಟ್ಟಿ: ಎಲ್ಲಿಂದ ಬಂತು ಇದು? ಸೋರ್ಸ್ ಹೇಳಿ.

ಪುಣೆ ಭಾವ: ನಮ್ಮ ಸೊಸೈಟಿ ಗುಂಪಿನಲ್ಲಿ ಬಂದಿದೆ.

ಪುಟ್ಟಿ: ಸೊಸೈಟಿ ಗುಂಪು ಅಂದರೆ ಸರ್ಕಾರವಾ?

ಪುಣೆ ಭಾವ: ಅಲ್ಲಿ ಇಬ್ಬರು ರಿಟೈರ್ಡ್ ಇಂಜಿನಿಯರ್ ಇದ್ದಾರೆ.

ಹತ್ತು ನಿಮಿಷ ಬಿಟ್ಟು ಪುಟ್ಟಿಯ ಉದ್ದದ ಮೆಸೇಜು ಬಂತು. ಇದು ದೆಹಲಿಯ ಕಥೆ, ನಮ್ಮದಲ್ಲ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಅಲ್ಲಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2025ರ ಜುಲೈ 1ರಿಂದ ಪಂಪುಗಳಲ್ಲಿ ಕ್ಯಾಮೆರಾ ಇಟ್ಟು ಪೆಟ್ರೋಲ್ ನಿಲ್ಲಿಸಲು ಹೊರಟರು. ಜನ ರೇಗಾಡಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಮುಂದಕ್ಕೆ ಹಾಕಿದರು. ಮಹಾರಾಷ್ಟ್ರದಲ್ಲಿ 15 ವರ್ಷ ಆದಮೇಲೆ ಗಾಡಿ ತೋರಿಸಿ, ಫೀಸು ಕಟ್ಟಿ, ಆರ್‌ಸಿಯನ್ನು ಮತ್ತೆ 5 ವರ್ಷಕ್ಕೆ ಮಾಡಿಸಿಕೊಳ್ಳಬಹುದು.

ಎಲ್ಲ ಸರಿಯಾಗಿಯೇ ಬರೆದಿದ್ದಳು. ಆದರೆ ಪೂರ್ತಿ ಓದಲು 'ಇನ್ನಷ್ಟು' ಅಂತ ಒತ್ತಬೇಕಿತ್ತು. ಯಾರೂ ಒತ್ತಲಿಲ್ಲ. ಮಾಟುಂಗಾ ಅತ್ಯಾ ಮಾತ್ರ ಕೈ ಮುಗಿಯುವ ಇಮೋಜಿ ಹಾಕಿದರು. ಪೆಟ್ರೋಲಿಗೋ ಪುಟ್ಟಿಗೋ ಗೊತ್ತಾಗಲಿಲ್ಲ.

ನಾನು ಬರೆದೆ: 'ನನ್ನ ಆರ್‌ಸಿ 2024ರಲ್ಲೇ ರಿನ್ಯೂ ಆಗಿದೆ. 2029ರವರೆಗೆ ಚಿಂತೆ ಇಲ್ಲ.'

ಪುಣೆ ಭಾವ: ಎಷ್ಟು ಕಟ್ಟಿದೆ?

ನಾನು: 5,000. ಜೊತೆಗೆ ಗ್ರೀನ್ ಟ್ಯಾಕ್ಸ್.

ಪುಣೆ ಭಾವ: ನೋಡಿದೆಯಾ. ಮುಂಚೆ 600 ಇತ್ತು. 20 ವರ್ಷ ದಾಟಿದರೆ 10,000. ಸರ್ಕಾರ ಏನು ಹೇಳುತ್ತಿದೆ ಅಂತ ಅರ್ಥ ಮಾಡಿಕೊ. ಮೇಲಾಗಿ ಈಗ ಚಿಕ್ಕ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾರ್ವರ್ಡ್ ಸುಳ್ಳು, ಫೀಸಿನ ಲೆಕ್ಕ ನಿಜ. ಭಾವ ಯಾವಾಗಲೂ ಹೀಗೆಯೇ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರು ಮುಟ್ಟುತ್ತಾರೆ.

ಅಷ್ಟರಲ್ಲಿ ಮುಲುಂಡ್ ಕಾಕಾನ ಸ್ನಾನ, ಪೂಜೆ ಮುಗಿದಿತ್ತು.

ಮುಲುಂಡ್ ಕಾಕಾ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈಗಿನವರಿಗೆ ಎಲ್ಲ ಹೊಸದೇ ಬೇಕು. ನಾನು 31 ವರ್ಷ ಬ್ಯಾಂಕಿನಲ್ಲಿ ಕೂತು ಊರಿಗೆಲ್ಲ ಕಾರ್ ಲೋನ್ ಕೊಟ್ಟೆ. ನನಗೆ ಅಂತ ಒಂದು ತೆಗೆದುಕೊಳ್ಳಲಿಲ್ಲ.

ಪುಟ್ಟಿ: ಅಪ್ಪಾ, ನಿಮಗೆ ಡ್ರೈವಿಂಗ್ ಬರುವುದಿಲ್ಲ.

ಮುಲುಂಡ್ ಕಾಕಾ: ಬರುತ್ತದೋ ಇಲ್ಲವೋ ಬೇರೆ ಮಾತು. ನಮ್ಮ ಅಣ್ಣ ಆ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡ. ಅದನ್ನು ಗುಜರಿಗೆ ಹಾಕುತ್ತೇನೆ ಅನ್ನುವವರ ಬಗ್ಗೆ ಏನು ಹೇಳಲಿ.

ನಾನು ಹಾಗೆ ಅಂದೇ ಇರಲಿಲ್ಲ. ಅದನ್ನು ಹೇಳಲು ಟೈಪ್ ಮಾಡುತ್ತಿದ್ದೆ. ಕಾಕಾನ ಮುಂದಿನ ಮೆಸೇಜು ಬಂದೇಬಿಟ್ಟಿತು.

ಮುಲುಂಡ್ ಕಾಕಾ: ಹಾಗಂತ ಆ ಗಾಡಿಯ ಸುಖ ನನಗೇನೂ ಸಿಗಲಿಲ್ಲ. 2012ರ ಮುಂಜಿವೆಗೆ ಎಲ್ಲರೂ ಅದರಲ್ಲೇ ಧಾರವಾಡಕ್ಕೆ ಹೋದರು. ನಾನು ರಾತ್ರಿ ಬಸ್ಸಿನ ಕೊನೆಯ ಸೀಟಿನಲ್ಲಿ. ಗಾಡಿಯಲ್ಲಿ ಹಾರ್ಮೋನಿಯಂಗೆ ಸೀಟಿತ್ತು. ನನಗಿರಲಿಲ್ಲ.

ಗುಂಪು ಒಂದು ನಿಮಿಷ ಸುಮ್ಮನಾಯಿತು. ಆಮೇಲೆ 'ಮಾಟುಂಗಾ ಅತ್ಯಾ ಟೈಪಿಂಗ್' ಅಂತ ಕಾಣಿಸಿತು. ಹೋಯಿತು. ಮತ್ತೆ ಕಾಣಿಸಿತು.

ಮಾಟುಂಗಾ ಅತ್ಯಾ: ಹಾರ್ಮೋನಿಯಂ ಪೇಟಿಯನ್ನು ಡಿಕ್ಕಿಯಲ್ಲಿ ಹಾಕಲು ಆಗುತ್ತದಾ? ಖಂಬಾಟ್ಕಿ ಘಾಟ್ ಇಳಿಯುವಷ್ಟರಲ್ಲಿ ರೀಡ್ ಎಲ್ಲ ಕೆಟ್ಟುಹೋಗುತ್ತಿತ್ತು.

ಮುಲುಂಡ್ ಕಾಕಾ: ನನ್ನ ಬೆನ್ನಿನ ರೀಡ್ ಏನಾಯಿತು ಅಂತ ಯಾರೂ ಕೇಳಲಿಲ್ಲ.

ಮಾಟುಂಗಾ ಅತ್ಯಾ: ದಾದಾ, ನೀವೇ ಬಸ್ಸಿನಲ್ಲಿ ಬರುತ್ತೇನೆ ಅಂದಿರಿ. ವೈನಿ ಸಾಕ್ಷಿ.

ವೈನಿ, ಅಂದರೆ ನಮ್ಮಮ್ಮ, ಗುಂಪಿನಲ್ಲಿ ಇದ್ದಾಳೆ. ನನ್ನ ಪಕ್ಕದಲ್ಲೇ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. 'ನನ್ನ ಫೋನ್ ಚಾರ್ಜಿಗೆ ಇದೆ ಅಂತ ಹಾಕು' ಅಂದಳು. ಹಾಕಿದೆ.

ಇಂಥ ಹೊತ್ತಿನಲ್ಲಿ ಮಡಗಾಂವ್ ಅಣ್ಣ ಬರದೇ ಇರುವುದಿಲ್ಲ. ಅವನಿಗೆ ಜಗಳ ಕಂಡರೆ ಹಳೆಯ ಫೋಟೊ ನೆನಪಾಗುತ್ತದೆ. ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಒಂದು ಚಿತ್ರ ಹಾಕಿದ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ. ಮೀಟರು ಹೊರಗೆ, ಬಾನೆಟ್ಟಿನ ಪಕ್ಕ. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು.

ಮಡಗಾಂವ್ ಅಣ್ಣ: ಅಜ್ಜಿ ನೆನಪಿದೆಯಾ? ಮಿರಜ್‌ನಲ್ಲಿ ರೈಲು ಬದಲಿಸಿ ದಾದರ್‌ನಲ್ಲಿ ಇಳಿಯುತ್ತಿದ್ದಳು. ಪೇಢೆ ಡಬ್ಬಿ ಮಡಿಲಲ್ಲಿ. ಟ್ಯಾಕ್ಸಿಯವನಿಗೆ ಕನ್ನಡದಲ್ಲೇ ಬೈಯುತ್ತಿದ್ದಳು. ಅವನು ಮರಾಠಿಯಲ್ಲಿ ಅಜ್ಜೀ ಅನ್ನುತ್ತಿದ್ದ.

ಪುಟ್ಟಿ: ಇದಕ್ಕೂ ಕ್ಲಚ್ಚಿಗೂ ಏನು ಸಂಬಂಧ?

ಮಡಗಾಂವ್ ಅಣ್ಣ: ಸಂಬಂಧ ಇಲ್ಲ. ಸುಮ್ನೆ.

ಅದಾದ ಮೇಲೆ 46 ಮೆಸೇಜು ಬಂದವು. ಅಜ್ಜಿಯ ಡಬ್ಬಿ ಸ್ಟೀಲಿನದೋ ಹಿತ್ತಾಳೆಯದೋ. ಈಗ ಅದು ಯಾರ ಮನೆಯಲ್ಲಿದೆ. ಯಾರು ಕೇಳದೆ ಒಯ್ದರು. ಕಾರಿನ ಸುದ್ದಿ ಒಂದೇ ಸಲ ಬಂತು. 20% ಎಥನಾಲ್ ಬೆರೆಸಿದ ಹೊಸ ಇ20 ಪೆಟ್ರೋಲಿಗೆ ಹಳೆಯ ಗಾಡಿಯ ರಬ್ಬರ್ ಪೈಪು ತಡೆಯುವುದಿಲ್ಲ ಅಂತ ಭಾವ ಬರೆದರು. ಅದರಲ್ಲಿ ಸ್ವಲ್ಪ ನಿಜ ಇದೆ. ಕೆಲವು ಪೈಪು, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು. ಅದು ದೊಡ್ಡ ಖರ್ಚಲ್ಲ.

ನನಗೆ ಕೇಳಬೇಕಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 48,000ವನ್ನು 70,000ದ ಪಕ್ಕದಲ್ಲಿ ಇಟ್ಟರೆ ಗಾಡಿ ಮಾರಬೇಕು ಅನಿಸುತ್ತದೆ. ಅದೇ 48,000ವನ್ನು ಹೊಸ ಗಾಡಿಯ 12,000 ಕಂತಿನ ಪಕ್ಕದಲ್ಲಿ ಇಟ್ಟರೆ ಅದು ನಾಲ್ಕು ತಿಂಗಳ ಕಂತು ಅಷ್ಟೇ. ಕ್ಲಚ್, ಬೆಲ್ಟ್, ಆರ್ಮ್ ಎಲ್ಲ ಸವೆಯಲಿಕ್ಕೇ ಇರುವ ಸಾಮಾನು. ಇಂಜಿನ್ ಈಗಲೂ ಎಣ್ಣೆ ಕುಡಿಯುವುದಿಲ್ಲ. ಹಿಂದೆ ನೀಲಿ ಹೊಗೆ ಇಲ್ಲ. ಅಪ್ಪನ ಡೈರಿಯಲ್ಲಿ ಪ್ರತಿ ಆಯಿಲ್ ಬದಲಿಯ ತಾರೀಖು, ಕಿಲೋಮೀಟರ್, ಬಿಲ್ಲು ಇದೆ. ಇನ್ನು ನೋಡಬೇಕಿದ್ದದ್ದು ತುಕ್ಕು. ನಾಲ್ಕು ತಿಂಗಳ ಮಳೆ, ಸಮುದ್ರದ ಗಾಳಿ, ರಸ್ತೆಯಲ್ಲಿ ನಿಂತ ನೀರು. ಇಲ್ಲಿನ ಗಾಡಿ ಒಳಗಿನಿಂದ ಸಾಯುವುದಿಲ್ಲ, ಕೆಳಗಿನಿಂದ ಸಾಯುತ್ತದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದರೆ ಒಳಗೇ ನೀರು ನಿಂತು ತಗಡು ತಿನ್ನುತ್ತದೆ.

ಮಧ್ಯಾಹ್ನ ಗ್ಯಾರೇಜಿಗೆ ಹೋದೆ. ಎಡಗಡೆ ಜಾಕ್ ಕೊಟ್ಟರು. ಏನೂ ಆಗಲಿಲ್ಲ. ಬಲಗಡೆ ಕೊಟ್ಟಾಗ 'ಕರ್' ಅಂತ ಸದ್ದು ಬಂತು. ಜಾಕಿನ ತಲೆ ಎರಡು ಬೆರಳಿನಷ್ಟು ಒಳಗೆ ಹೋಯಿತು. ನನ್ನ ಎದೆಯೂ ಅಷ್ಟೇ ಕೆಳಗೆ ಹೋಯಿತು. ಮೆಕ್ಯಾನಿಕ್ ಮಲಗಿಕೊಂಡು ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದ. ಒಂದು ಅಂಗೈಯಷ್ಟು ಜಾಗ ಮಾತ್ರ ಪೊಳ್ಳು. ಸಸ್ಪೆನ್ಷನ್ ಕೂರುವ ಕಡೆ ಗಟ್ಟಿ ಇದೆ. ಅಲ್ಲಿ ಹೋಗಿದ್ದರೆ ಬೇಡ ಅನ್ನುತ್ತಿದ್ದೆ ಅಂದ. ಕೊಳೆತ ತಗಡು ಕತ್ತರಿಸಿ, ಹೊಸ ತಗಡು ಬೆಸೆದು, ಕೆಳಗೆ ಕೋಟಿಂಗ್ ಹೊಡೆಯಲು 6,000.

ಎಸಿ ಬಿಟ್ಟುಬಿಡೋಣ ಅಂದೆ. ಟೈಮಿಂಗ್ ಬೆಲ್ಟನ್ನೂ ಮುಂದಿನ ವರ್ಷಕ್ಕೆ ತಳ್ಳೋಣವಾ ಅಂತ ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ಥೇಟ್ ಅಪ್ಪನದು. ಬೆಲ್ಟ್ ದಾರಿಯಲ್ಲಿ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ, ಆಗ ಹೆಡ್ ಬಿಚ್ಚಬೇಕು. ಬೆಲ್ಟ್ ಉಳಿಯಿತು, ಎಸಿ ಹೋಯಿತು. ಒಟ್ಟು 41,000.

ಸಂಜೆ ಗುಂಪಿನಲ್ಲಿ ಹಾಕಿದೆ: 'ಗಾಡಿ ರಿಪೇರಿ ಮಾಡಿಸುತ್ತಿದ್ದೇನೆ.' ಯಾರೂ ಉತ್ತರಿಸಲಿಲ್ಲ. ಅತ್ಯಾ ಆಗ ತಾನೇ ಹಾರ್ಮೋನಿಯಂನ ಫೋಟೊ ಹಾಕಿದ್ದರು. ಅದರ ಮೇಲೆ ಅಜ್ಜಿಯ ಡಬ್ಬಿ ಇತ್ತು. ಹಿತ್ತಾಳೆಯದು. ಕಾಕಾ ಗುಂಪು ಬಿಟ್ಟು ಹೋಗಿದ್ದರು. ಪುಟ್ಟಿ ಅವರನ್ನು ಮತ್ತೆ ಸೇರಿಸಿದ್ದಳು.

ರಾತ್ರಿ ಹತ್ತಕ್ಕೆ ಭಾವನ ಮೆಸೇಜು ಬಂತು. ಗುಂಪಿಗಲ್ಲ, ನನಗೊಬ್ಬನಿಗೆ.

'ಮಾರುವ ಯೋಚನೆ ಬಂದರೆ ಹೊರಗಿನವರಿಗೆ ಕೊಡಬೇಡ. ನಮ್ಮ ಹುಡುಗ ಗಾಡಿ ಕಲಿಯಬೇಕು ಅನ್ನುತ್ತಿದ್ದಾನೆ. 40ಕ್ಕೆ ಆಗುತ್ತದಾ?'

ನಾನು ಗ್ಯಾರೇಜಿನ ಹೊಸ ಚೀಟಿಯ ಫೋಟೊ ಕಳಿಸಿದೆ. ಎರಡು ನೀಲಿ ಟಿಕ್ ಬಿದ್ದವು.